ವಿದೇಶಕ್ಕೆ ಹೊರಟಾಗ ಮನೆಯ ಕಂಪ್ಯೂಟರ್: ಏನು ಒಯ್ಯಬೇಕು, ಏನು ಬಿಟ್ಟುಹೋಗಬೇಕು

ಮಂಗಳೂರು, ಉಡುಪಿ ಕಡೆಯಿಂದ ಕೆಲಸಕ್ಕೋ ಓದಲಿಕ್ಕೋ ಹೊರದೇಶಕ್ಕೆ ಹೋಗುವವರು ವೀಸಾ ಕೈಗೆ ಬಂದ ಕೂಡಲೇ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ಲ್ಯಾಪ್‌ಟಾಪ್ ಹೇಗೂ ಬ್ಯಾಗಲ್ಲಿ ಹೋಗ್ತದೆ. ಡೆಸ್ಕ್‌ಟಾಪ್ ಏನು ಮಾಡುವುದು? ಮಾನಿಟರ್ ಒಯ್ಯಬಹುದಾ? ಅಲ್ಲಿ ಕರೆಂಟ್ ಬೇರೆ ಅಂತೆ, ಸುಟ್ಟು ಹೋಗ್ತದಾ?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಹೇಳುವ ಬದಲು ಎಲ್ಲವನ್ನೂ ಒಟ್ಟಿಗೆ ಬರೆದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಒಳಗಿನ ಬೆಲೆಬಾಳುವ ಭಾಗಗಳನ್ನು ಒಯ್ಯಿರಿ, ಪೆಟ್ಟಿಗೆ ಬಿಡಿ. ಡೇಟಾ ಮಾತ್ರ ಏನೇ ಆದರೂ ಬಿಡಬೇಡಿ. ಹೊರಡಲು ಒಂದೂವರೆ ತಿಂಗಳಾದರೂ ಇರುವಾಗ ಕೆಲಸ ಶುರು ಮಾಡಿದರೆ ಒಳ್ಳೆಯದು. ಕೊನೆಯ ವಾರ ನೆಂಟರ ಮನೆ ಸುತ್ತುವುದರಲ್ಲೇ ಮುಗಿಯುತ್ತದೆ.

ಹಂತ 1: ಪಟ್ಟಿ ಮಾಡಿ, ನಿರ್ದಯವಾಗಿ ಆರಿಸಿ

ಪ್ರತಿ ವಸ್ತುವಿನ ಎದುರು ಮೂರು ಸಂಗತಿ ಬರೆಯಿರಿ: ಇಲ್ಲಿ ಮಾರಿದರೆ ಎಷ್ಟು ಸಿಗುತ್ತದೆ, ಅಲ್ಲಿ ಹೊಸದಕ್ಕೆ ಎಷ್ಟಾಗುತ್ತದೆ, ತೂಕ ಎಷ್ಟು. ತೂಕ ಯಾಕೆ ಅಂದರೆ ನಿಮ್ಮ ಬ್ಯಾಗೇಜಿನ ಕಿಲೋಗಳಿಗೆ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿಯೂ ಕಾಯುತ್ತಿರುತ್ತವೆ. ಅಮ್ಮನ ಜೊತೆ ಆ ಜಗಳ ಗೆಲ್ಲುವುದು ಸುಲಭವಲ್ಲ.

ಒಯ್ಯಲು ಯೋಗ್ಯವಾದವು: ಗ್ರಾಫಿಕ್ಸ್ ಕಾರ್ಡ್ (ಪರದೆಗೆ ಚಿತ್ರ ಮೂಡಿಸುವ ಭಾಗ), ಎಸ್‌ಎಸ್‌ಡಿ (ಕಡತಗಳು ಕೂರುವ ಡಿಸ್ಕ್), ರ‍್ಯಾಮ್, ಪ್ರೊಸೆಸರ್ ಕೂತಿರುವ ಮದರ್‌ಬೋರ್ಡ್ (ಎಲ್ಲ ಭಾಗಗಳನ್ನು ಕೂಡಿಸುವ ಮುಖ್ಯ ಹಲಗೆ). ಹಗುರ, ಬೆಲೆ ಜಾಸ್ತಿ. ಅಲ್ಲಿ ಒಂದು ಕ್ಯಾಬಿನೆಟ್ (ಹೊರಗಿನ ಪೆಟ್ಟಿಗೆ), ಒಂದು ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ತೆಗೆದುಕೊಂಡು ಮತ್ತೆ ಜೋಡಿಸಿದರೆ ಆಯಿತು. ದುಬೈಯಲ್ಲಾದರೆ ಬರ್ ದುಬೈನ ಖಾಲಿದ್ ಬಿನ್ ವಲೀದ್ ರಸ್ತೆಗೆ ಕಂಪ್ಯೂಟರ್ ಸ್ಟ್ರೀಟ್ ಎಂದೇ ಹೆಸರು, ಇಂಥ ಸಾಮಾನಿಗೆ ಕೊರತೆಯಿಲ್ಲ. ಐದಾರು ವರ್ಷ ಹಳೆಯ, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಮಾನ್ಯ ಡೆಸ್ಕ್‌ಟಾಪ್ ಆದರೆ ಇದ್ಯಾವುದೂ ಬೇಡ. ಡಿಸ್ಕ್ ಮಾತ್ರ ತೆಗೆದುಕೊಂಡು ಉಳಿದದ್ದನ್ನು ತಮ್ಮನಿಗೋ ತಂಗಿಗೋ ಕೊಡಿ.

ಬಿಡಬೇಕಾದವು:

ಯುಪಿಎಸ್. ಒಳಗೆ ಸೀಸ-ಆಸಿಡ್ ಬ್ಯಾಟರಿ, ಹೊರಗೆ ಭಾರ. ಯೋಚನೆಯೇ ಬೇಡ. ಬ್ಯಾಟರಿ ಸತ್ತಿದ್ದರೆ ಬ್ಯಾಟರಿ ಅಂಗಡಿಗೇ ಹಿಂದಿರುಗಿಸಿ, ಕಸಕ್ಕೆ ಹಾಕಬೇಡಿ.

ಪ್ರಿಂಟರ್. ಕೆಲವು ಕಂಪನಿಗಳ ಕಾರ್ಟ್ರಿಡ್ಜ್‌ಗಳಿಗೆ ಪ್ರದೇಶದ ಬೀಗ ಇರುತ್ತದೆ, ಇಲ್ಲಿಯ ಪ್ರಿಂಟರ್ ಅಲ್ಲಿಯ ಕಾರ್ಟ್ರಿಡ್ಜ್ ಒಪ್ಪುವುದಿಲ್ಲ. ಇಂಕ್ ಟ್ಯಾಂಕ್ ಮಾದರಿ ಆದರೆ ದಾರಿಯಲ್ಲಿ ಶಾಯಿ ಸೋರಿ ನಿಮ್ಮ ಇಸ್ತ್ರಿ ಹಾಕಿದ ಅಂಗಿಗಳ ಗತಿ ಕೇಳಬೇಡಿ.

ಫೈಬರ್ ಇಂಟರ್ನೆಟ್‌ನ ರೂಟರ್. ಬಹುತೇಕ ಅದು ಕಂಪನಿಯ ಸೊತ್ತು. ಒಯ್ದರೂ ಅಲ್ಲಿಯ ಲೈನಿಗೆ ಕೂಡುವುದಿಲ್ಲ. ಕನೆಕ್ಷನ್ ಮುಚ್ಚಿಸುವಾಗ ಹಿಂದಿರುಗಿಸಿ ರಸೀದಿ ತೆಗೆದುಕೊಳ್ಳಿ, ಠೇವಣಿ ಕೊಟ್ಟಿದ್ದರೆ ಅದನ್ನೂ ಕೇಳಿ.

ಕೀಬೋರ್ಡ್ ಬಗ್ಗೆ ಒಂದು ಮಾತು. ಜರ್ಮನಿ, ಫ್ರಾನ್ಸ್‌ಗೆ ಹೋಗುವವರು ನಿಮ್ಮದನ್ನೇ ಒಯ್ಯಿರಿ. ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಅದಲುಬದಲಾಗಿರುತ್ತವೆ. ಫ್ರೆಂಚ್‌ನದ್ದು ಇನ್ನೂ ಬೇರೆ. ಕನ್ನಡ ಟೈಪ್ ಮಾಡುವವರಿಗೆ ಇದು ಇನ್ನಷ್ಟು ಕಿರಿಕಿರಿ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಕೀಲಿಮಣೆ ವಿನ್ಯಾಸ ನಮ್ಮೂರಿನವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದ್ದು. ಅದು ನಾವು ಇಲ್ಲಿ ಬಳಸುವ ಇಂಗ್ಲಿಷ್ ಕೀಬೋರ್ಡಿನ ಮೇಲೆ ಕೂರುವಂಥದ್ದು. ಬೆರಳಿಗೆ ರೂಢಿಯಾದ ಕೀಬೋರ್ಡಿಗೆ ಒಂದು ಕಿಲೋ ಕೊಟ್ಟರೆ ನಷ್ಟವಿಲ್ಲ.

ಹಂತ 2: ಕರೆಂಟಿನ ಲೆಕ್ಕ

ಎಲ್ಲರಿಗೂ ಭಯ ಇರುವುದು ಇಲ್ಲೇ, ಎಡವುವುದೂ ಇಲ್ಲೇ. ಭಾರತದಲ್ಲಿ ಗೋಡೆಯ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೈನ್, ಬ್ರಿಟನ್, ಯುರೋಪ್, ಆಸ್ಟ್ರೇಲಿಯಾ ಎಲ್ಲ ಕಡೆ ವೋಲ್ಟೇಜ್ ಹೆಚ್ಚುಕಡಿಮೆ ಇದೇ, 230ರಿಂದ 240ರ ಆಸುಪಾಸು. ಪಿನ್ ಮಾತ್ರ ಬೇರೆ. ಗಲ್ಫ್ ಮತ್ತು ಬ್ರಿಟನ್‌ನಲ್ಲಿ ಚೌಕಾಕಾರದ ಮೂರು ದಪ್ಪ ಪಿನ್. ಅಮೆರಿಕ, ಕೆನಡಾದಲ್ಲಿ ವೋಲ್ಟೇಜೇ ಬೇರೆ: 120 ವೋಲ್ಟ್, 60 ಹರ್ಟ್ಸ್. ಜಪಾನ್‌ನಲ್ಲಿ 100 ವೋಲ್ಟ್. ಸೌದಿಯಲ್ಲಿ ಈಗಿನ ಮಟ್ಟ 230 ವೋಲ್ಟ್, 60 ಹರ್ಟ್ಸ್. ಹಳೆಯ ಕಟ್ಟಡಗಳಲ್ಲಿ ಕಡಿಮೆ ವೋಲ್ಟೇಜಿನ ಪ್ಲಗ್ ಪಾಯಿಂಟ್‌ಗಳೂ ಇರಬಹುದು, ಚುಚ್ಚುವ ಮೊದಲು ಮನೆ ಮಾಲೀಕರನ್ನು ಕೇಳಿ. 50 ಹರ್ಟ್ಸೋ 60 ಹರ್ಟ್ಸೋ ಎನ್ನುವುದರಿಂದ ಕಂಪ್ಯೂಟರಿಗೆ ತೊಂದರೆ ಇಲ್ಲ.

ಈಗ ನಿಮ್ಮ ವಸ್ತುವನ್ನು ತಿರುಗಿಸಿ, ಸ್ಟಿಕ್ಕರ್ ಓದಿ. "ಇನ್‌ಪುಟ್" ಎಂದಿರುವ ಸಾಲು ಹುಡುಕಿ. ಅಲ್ಲಿ 100–240 ವೋಲ್ಟ್ ಎಂದಿದ್ದರೆ ಜಗತ್ತಿನ ಎಲ್ಲಿ ಬೇಕಾದರೂ ನಡೆಯುತ್ತದೆ. ಲ್ಯಾಪ್‌ಟಾಪ್ ಚಾರ್ಜರ್, ಮೊಬೈಲ್ ಚಾರ್ಜರ್, ಹೆಚ್ಚಿನ ಮಾನಿಟರ್‌ಗಳು ಹೀಗೇ ಇರುತ್ತವೆ. ಬರೀ 200–240 ಅಥವಾ 230 ಎಂದಿದ್ದರೆ ಅಮೆರಿಕ, ಕೆನಡಾ, ಜಪಾನ್‌ಗೆ ಒಯ್ಯಬೇಡಿ.

ಸಿಕ್ಕಿಬೀಳುವುದು ಎಸ್‌ಎಂಪಿಎಸ್‌ನಲ್ಲಿ. ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ 12, 5, 3.3 ವೋಲ್ಟ್‌ಗೆ ಇಳಿಸಿ ಕೊಡುವ ಲೋಹದ ಡಬ್ಬಿ ಅದು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಂಥ ಅಗ್ಗದ ಎಸ್‌ಎಂಪಿಎಸ್‌ಗಳು ಎಷ್ಟೋ ಸಲ 230 ವೋಲ್ಟ್‌ಗೆ ಮಾತ್ರ ಮಾಡಿದವು. ಕೆಲವದರ ಹಿಂಬದಿ ಒಂದು ಸಣ್ಣ ಕೆಂಪು ಸ್ವಿಚ್ ಇರುತ್ತದೆ, ಒಂದು ಕಡೆ 115, ಇನ್ನೊಂದು ಕಡೆ 230. 230ರಲ್ಲೇ ಇಟ್ಟು ಅಮೆರಿಕದಲ್ಲಿ ಚುಚ್ಚಿದರೆ ಹೆಚ್ಚೆಂದರೆ ಕಂಪ್ಯೂಟರ್ ಆನ್ ಆಗುವುದಿಲ್ಲ. ಆದರೆ 115ಕ್ಕೆ ತಿರುಗಿಸಿದ್ದನ್ನು ಊರಿಗೆ ತಂದು ಹಾಗೇ ಚುಚ್ಚಿದರೆ ಢಂ ಅನ್ನುತ್ತದೆ. ಆ ಸ್ವಿಚ್ ಮೇಲೊಂದು ಟೇಪ್ ಅಂಟಿಸಿಡಿ.

ಟ್ರಾವೆಲ್ ಅಡಾಪ್ಟರ್ ಬಗ್ಗೆ ಸಾಮಾನ್ಯವಾದ ತಪ್ಪು ತಿಳಿವಳಿಕೆ ಒಂದುಂಟು. ಅದು ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. ಜೊತೆಗೆ ಅಗ್ಗದ ಅಡಾಪ್ಟರ್‌ಗಳಲ್ಲಿ ಅರ್ಥಿಂಗ್ ಸಂಪರ್ಕವೇ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುವುದು ಅದಕ್ಕೇ. ಡೆಸ್ಕ್‌ಟಾಪ್, ಮಾನಿಟರ್‌ನ ಹಿಂದೆ ಚುಚ್ಚುವ ಕಪ್ಪು ವಯರಿನ ಕಂಪ್ಯೂಟರ್ ಕಡೆಯ ತುದಿ ಜಗತ್ತಿಡೀ ಒಂದೇ ಆಕಾರ. ಹಾಗಾಗಿ ಅಡಾಪ್ಟರ್ ಬಿಟ್ಟು, ಅಲ್ಲಿಯ ಪಿನ್ ಇರುವ ಒಂದು ವಯರ್ ಕೊಂಡುಕೊಳ್ಳಿ. ದೊಡ್ಡ ಖರ್ಚಲ್ಲ, ಸುರಕ್ಷಿತ. ಇಲ್ಲಿಯ ಎಕ್ಸ್‌ಟೆನ್ಶನ್ ಬೋರ್ಡ್ ಕೂಡ ಇಲ್ಲೇ ಇರಲಿ.

ಹಂತ 3: ಡೇಟಾ ಮೊದಲು, ಸ್ಕ್ರೂಡ್ರೈವರ್ ಆಮೇಲೆ

ಒಂದೇ ಒಂದು ಸ್ಕ್ರೂ ಬಿಚ್ಚುವ ಮೊದಲು ಬ್ಯಾಕಪ್, ಅಂದರೆ ಪ್ರತಿ ತೆಗೆದಿಡುವ ಕೆಲಸ, ಮುಗಿದಿರಬೇಕು. ಒಂದು ಪ್ರತಿ ಕಂಪ್ಯೂಟರಿನ ಡಿಸ್ಕಿನಲ್ಲಿ, ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ, ಒಂದು ಕ್ಲೌಡ್‌ನಲ್ಲಿ ಅಥವಾ ಊರಿನ ಮನೆಯಲ್ಲಿ. ಎರಡು ಡಿಸ್ಕುಗಳನ್ನು ಒಂದೇ ಬ್ಯಾಗಿನಲ್ಲಿ ಇಡಬೇಡಿ. ಊರಲ್ಲಿ ಬಿಡುವ ಡಿಸ್ಕನ್ನು ಕಪಾಟಿನ ಮೂಲೆಗೆ ಸುಮ್ನೆ ತಳ್ಳಬೇಡಿ. ನಮ್ಮ ಉಪ್ಪುಗಾಳಿ, ಮಳೆಗಾಲದ ತೇವ ಅದರ ಕನೆಕ್ಟರ್ ತಿನ್ನುತ್ತವೆ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ.

ಇನ್ನೊಂದು ಅಪಾಯ ಬಿಟ್‌ಲಾಕರ್. ವಿಂಡೋಸ್ ನಿಮ್ಮ ಡಿಸ್ಕಿಗೆ ಹಾಕುವ ಬೀಗ ಇದು. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆ ಬಳಸಿ ಶುರು ಮಾಡಿದ್ದರೆ ಎಷ್ಟೋ ಸಲ ನಿಮಗೆ ಗೊತ್ತಿಲ್ಲದೆಯೇ ಬಿದ್ದಿರುತ್ತದೆ. ಭಾಗಗಳನ್ನು ಬಿಚ್ಚಿ ಬೇರೆ ಬೋರ್ಡಿಗೆ ಡಿಸ್ಕ್ ಹಾಕಿದ ಕೂಡಲೇ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಒಳಗಿರುವ ಮದುವೆ ಫೋಟೋ, ಸರ್ಟಿಫಿಕೇಟ್ ಸ್ಕ್ಯಾನ್ ಯಾವುದೂ ಸಿಗುವುದಿಲ್ಲ. ಈಗಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀ ಹುಡುಕಿ, ಕಾಗದದ ಮೇಲೆ ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಫೈಲಿನಲ್ಲಿಡಿ. ಪ್ರಿಂಟರ್ ಮಾರುವ ಮೊದಲು ಮಾಡಬೇಕಾದ ಕೆಲಸ ಇದು!

ಖಾತೆಗಳ ಒಟಿಪಿ ನಿಮ್ಮ ಊರಿನ ಸಿಮ್‌ಗೆ ಬರುತ್ತದೆ ಎನ್ನುವುದೂ ನೆನಪಿರಲಿ. ವಿಮಾನ ಹತ್ತುವ ಮೊದಲು ಆ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ, ರೀಚಾರ್ಜ್ ತಪ್ಪದಂತೆ ಮನೆಯವರಿಗೆ ಹೇಳಿ. ಸಾಧ್ಯವಿರುವ ಕಡೆಯೆಲ್ಲ ಅಥೆಂಟಿಕೇಟರ್ ಆ್ಯಪ್‌ಗೆ ಬದಲಿಸಿಕೊಳ್ಳಿ. ಅದು ಸಿಮ್ ಇಲ್ಲದೆಯೂ ಫೋನಿನಲ್ಲೇ ಸಂಕೇತ ತೋರಿಸುತ್ತದೆ.

ಡಿಸ್ಕಿನೊಳಗೆ ಏನಿದೆ ಎಂಬುದನ್ನೂ ಒಮ್ಮೆ ನೋಡಿ. ಗಲ್ಫ್ ದೇಶಗಳಲ್ಲಿ ಅಶ್ಲೀಲ ವಿಡಿಯೋ ಇಟ್ಟುಕೊಳ್ಳುವುದು ತಮಾಷೆಯ ವಿಷಯವಲ್ಲ. ಯಾರೋ ಗೆಳೆಯ ಕಾಪಿ ಮಾಡಿ ಕೊಟ್ಟ ಫೋಲ್ಡರ್ ಇದ್ದರೂ ಜವಾಬ್ದಾರಿ ನಿಮ್ಮದೇ. ಅಮೆರಿಕ, ಕೆನಡಾದಲ್ಲಿ ಗಡಿ ಅಧಿಕಾರಿಗಳು ಲ್ಯಾಪ್‌ಟಾಪ್, ಫೋನ್ ತೆರೆದು ನೋಡಬಹುದು. ಹಳೆಯ ಆಫೀಸಿನ ಗುಟ್ಟಿನ ಕಡತಗಳನ್ನು ಇಟ್ಟುಕೊಂಡು ಹೋಗಬೇಡಿ. ಯುಎಇಯಲ್ಲಿ ವಿಪಿಎನ್, ಅಂದರೆ ನಿಮ್ಮ ಇಂಟರ್ನೆಟ್ ವಿಳಾಸ ಮರೆಮಾಚುವ ವ್ಯವಸ್ಥೆಯನ್ನು ಅಪರಾಧಕ್ಕೋ ಅಪರಾಧ ಮುಚ್ಚಿಡಲೋ ಬಳಸಿದರೆ 5 ಲಕ್ಷ ದಿರ್ಹಮ್‌ನಿಂದ ದಂಡ ಶುರು. ಆಫೀಸು ಕೊಟ್ಟ ವಿಪಿಎನ್ ಆಫೀಸು ಕೆಲಸಕ್ಕೆ ಬಳಸುವುದು ಬೇರೆ ಮಾತು.

ಹಂತ 4: ಬಿಚ್ಚುವುದು, ಕಟ್ಟುವುದು

ಮಳೆಗಾಲವಾದರೆ ಒಣಗಿದ ದಿನ ನೋಡಿ ಕೆಲಸ ಮಾಡಿ, ಇಲ್ಲವೇ ಎಸಿ ಇರುವ ಕೋಣೆಯಲ್ಲಿ. ತೇವದ ಗಾಳಿಯನ್ನು ಒಳಗಿಟ್ಟು ಟೇಪ್ ಹಾಕಿದರೆ ದಾರಿಯಿಡೀ ಅದು ಒಳಗೇ ಇರುತ್ತದೆ. ಹಳೆಯ ಪೇಪರ್ ತುರುಕಬೇಡಿ, ತೇವ ಹೀರುತ್ತದೆ.

ಮೊದಲು ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ನಾಲ್ಕೂ ಕೋನದಿಂದ ಫೋಟೋ ತೆಗೆಯಿರಿ. ಯಾವ ವಯರ್ ಎಲ್ಲಿ ಎಂದು ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನೂ ಇಳಿಸಿಕೊಳ್ಳಿ.

ಗ್ರಾಫಿಕ್ಸ್ ಕಾರ್ಡ್: ಹಿಂಬದಿಯ ಸ್ಕ್ರೂ ತೆಗೆಯಿರಿ, ಪವರ್ ವಯರ್ ಬಿಡಿಸಿ, ಸ್ಲಾಟಿನ ತುದಿಯಲ್ಲಿರುವ ಸಣ್ಣ ಪ್ಲಾಸ್ಟಿಕ್ ಕೊಂಡಿ ಒತ್ತಿ, ನೇರ ಎಳೆಯಿರಿ. ಕೊಂಡಿ ಮರೆತು ಎಳೆದವರು ಸ್ಲಾಟನ್ನೇ ಕಿತ್ತುಕೊಂಡು ಬಂದದ್ದುಂಟು. ಕಾರ್ಡನ್ನು ಆ್ಯಂಟಿಸ್ಟ್ಯಾಟಿಕ್ ಚೀಲಕ್ಕೆ ಹಾಕಿ. ಹೊಸ ಭಾಗಗಳು ಬರುವ ಬೂದುಬೆಳ್ಳಿ ಬಣ್ಣದ ಚೀಲ ಅದು. ರಿಪೇರಿ ಅಂಗಡಿಯಲ್ಲಿ ಕೇಳಿದರೆ ಹಳೆಯದು ಸಿಗುತ್ತದೆ. ಬಬಲ್ ರ‍್ಯಾಪ್ ಅದರ ಮೇಲೆ ಬರಬೇಕು, ಕಾರ್ಡಿಗೆ ನೇರ ತಾಗಬಾರದು.

ಪ್ರೊಸೆಸರ್: ಇಂಟೆಲ್ ಆದರೆ ಅಲ್ಲಾಡಿಸಲೇ ಬೇಡಿ, ಬೋರ್ಡಿನ ಸಾಕೆಟ್ಟಿನಲ್ಲೇ ಇರಲಿ. ಅದರ ಕೆಳಗಿನ ಕೂದಲಿನಂಥ ಪಿನ್ ಒಂದು ಬಾಗಿದರೂ ಬೋರ್ಡ್ ಹೋದಂತೆ. ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ ಪ್ರೊಸೆಸರ್‌ಗಳಲ್ಲಿ ತೊಂದರೆ ಬೇರೆ ಥರ. ತಣ್ಣಗಿರುವಾಗ ಕೂಲರ್ (ಪ್ರೊಸೆಸರನ್ನು ತಣ್ಣಗಿಡುವ ಭಾಗ) ಎತ್ತಿದರೆ ಎರಡರ ನಡುವೆ ಹಚ್ಚಿ ಗಟ್ಟಿಯಾದ ಪೇಸ್ಟ್‌ಗೆ ಅಂಟಿಕೊಂಡು ಪ್ರೊಸೆಸರ್ ಕೂಡ ಎದ್ದು ಬರುತ್ತದೆ, ಪಿನ್‌ಗಳು ಬಾಗುತ್ತವೆ. ಬಿಚ್ಚುವ ಮೊದಲು ಹತ್ತಿಪ್ಪತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ. ಆಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ನಯವಾಗಿ ತಿರುಚಿ, ಸಡಿಲವಾದ ಮೇಲೆ ಎತ್ತಿ.

ರ‍್ಯಾಮ್ ತೆಗೆದಾಗ ಅದರ ಚಿನ್ನದ ಬಣ್ಣದ ಅಂಚು ನೋಡಿ. ಕಡಲತೀರದ ಮನೆಗಳಲ್ಲಿ ಅಲ್ಲಿ ಮಸುಕು ಕಲೆ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಸ್ಕ್ರೂಗಳನ್ನು ಬೇರೆ ಬೇರೆ ಜಿಪ್ ಕವರಿಗೆ ಹಾಕಿ ಮೇಲೆ ಹೆಸರು ಬರೆಯಿರಿ.

ಇಡೀ ಕ್ಯಾಬಿನೆಟ್ ಒಯ್ಯಲೇಬೇಕು ಎಂಬ ಹಟ ಇದ್ದರೂ ಗ್ರಾಫಿಕ್ಸ್ ಕಾರ್ಡ್ ಮತ್ತು ಎತ್ತರದ ಕೂಲರ್ ಹೊರಗೆ ತೆಗೆಯಲೇಬೇಕು. ಬೆಂಗಳೂರಿನಿಂದ ವಿಮಾನ ಹಿಡಿಯುವವರಿಗಂತೂ ಮೊದಲ ಪರೀಕ್ಷೆ ಶಿರಾಡಿ ಘಾಟಿಯಲ್ಲೇ. ಕಾರು, ಬಸ್ಸಿನಲ್ಲಿ ಕ್ಯಾಬಿನೆಟ್ಟನ್ನು ನಿಲ್ಲಿಸಬೇಡಿ. ಮದರ್‌ಬೋರ್ಡ್ ನೆಲಕ್ಕೆ ಸಮನಾಗಿ ಬರುವಂತೆ ಮಲಗಿಸಿ, ಗುಂಡಿ ಬಂದಾಗ ಭಾಗಗಳ ಭಾರ ಸ್ಲಾಟಿನ ಮೇಲೆ ಓರೆಯಾಗಿ ಬೀಳುವುದಿಲ್ಲ.

ಮಾನಿಟರ್‌ಗೆ ಅದರದ್ದೇ ಪೆಟ್ಟಿಗೆ, ಥರ್ಮಾಕೋಲ್ ಇದ್ದರೆ ಮಾತ್ರ ಒಯ್ಯಿರಿ. ಪೆಟ್ಟಿಗೆ ಬಿಸಾಡಿದ್ದರೆ ಇಲ್ಲೇ ಮಾರಿ. ಬೆಡ್‌ಶೀಟ್ ಸುತ್ತಿ ಸೂಟ್‌ಕೇಸಿನಲ್ಲಿಟ್ಟ ಮಾನಿಟರ್ ಸೀಳದೆ ತಲುಪಿದರೆ ಅದು ಅದೃಷ್ಟ.

ಹಂತ 5: ಬ್ಯಾಟರಿ ಇರುವುದೆಲ್ಲ ಕೈಚೀಲಕ್ಕೆ

ವಿಮಾನದ ನಿಯಮ ಬ್ಯಾಟರಿಯನ್ನು ವ್ಯಾಟ್-ಅವರ್‌ನಲ್ಲಿ ಅಳೆಯುತ್ತದೆ. 100 ವ್ಯಾಟ್-ಅವರ್ ವರೆಗೆ ಸಾಮಾನ್ಯವಾಗಿ ತಕರಾರಿಲ್ಲ. 100ರಿಂದ 160ರ ನಡುವೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ಮೇಲಿನದ್ದು ಪ್ರಯಾಣಿಕರಿಗೆ ಇಲ್ಲವೇ ಇಲ್ಲ. ಪವರ್ ಬ್ಯಾಂಕ್ ಮೇಲೆ ಬರೆದಿಲ್ಲದಿದ್ದರೆ ನೀವೇ ಲೆಕ್ಕ ಹಾಕಿ: 20,000 ಎಂಎಎಚ್ ಅಂದರೆ 20 ಆಂಪಿಯರ್-ಅವರ್, ಅದನ್ನು 3.7 ವೋಲ್ಟ್‌ನಿಂದ ಗುಣಿಸಿದರೆ 74 ವ್ಯಾಟ್-ಅವರ್. ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ, ಕೈಚೀಲಕ್ಕೇ. ಕೆಲವು ಕಂಪನಿಗಳು ಇನ್ನೂ ಬಿಗಿ ಮಾಡಿವೆ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್ ಎಂದಿದೆ, ಅದನ್ನೂ ವಿಮಾನದೊಳಗೆ ಬಳಸುವಂತಿಲ್ಲ. ಮದರ್‌ಬೋರ್ಡಿನ ಗುಂಡಗಿನ ಬಟನ್ ಸೆಲ್ ಬಗ್ಗೆ ಚಿಂತೆ ಬೇಡ, ಅದು ಅಲ್ಲೇ ಇರಲಿ.

ಡಿಸ್ಕುಗಳು, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಕೂಡ ಕೈಚೀಲದಲ್ಲೇ ಇರಲಿ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಸೆಕ್ಯುರಿಟಿ ತಪಾಸಣೆಗೆ ಅವನ್ನು ನೀವಾಗಿಯೇ ಟ್ರೇಯಲ್ಲಿ ತೆಗೆದಿಡಿ, ಎಕ್ಸ್‌ರೇಯಲ್ಲಿ ವಿಚಿತ್ರ ಆಕಾರ ಕಂಡು ಬ್ಯಾಗ್ ಪೂರ್ತಿ ಬಿಚ್ಚಿಸುವುದು ತಪ್ಪುತ್ತದೆ. ಸ್ಕ್ರೂಡ್ರೈವರ್ ಮಾತ್ರ ಚೆಕ್-ಇನ್ ಬ್ಯಾಗಿಗೆ. ಕೈಚೀಲದಲ್ಲಿದ್ದರೆ ಅದು ಅಲ್ಲೇ ಉಳಿಯುತ್ತದೆ.

ಹಂತ 6: ಬ್ಯಾಗೇಜೋ ಕೊರಿಯರೋ ಹಡಗೋ

ಚೆಕ್-ಇನ್ ಬ್ಯಾಗಿನಲ್ಲಿ ನಿಜವಾದ ತೂಕ ಲೆಕ್ಕ. ಕೊರಿಯರ್‌ನಲ್ಲಿ ಗಾತ್ರದ ತೂಕ ಲೆಕ್ಕ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ ಕಿಲೋ ಮತ್ತು ನಿಜ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಒಂದು 27 ಇಂಚಿನ ಮಾನಿಟರ್ ಪೆಟ್ಟಿಗೆ 70, 18, 48 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಒಳಗಿರುವುದು 7 ಕಿಲೋ ಆದರೂ ಕೊರಿಯರ್‌ನವರ ಲೆಕ್ಕದಲ್ಲಿ 12 ಕಿಲೋ ದಾಟುತ್ತದೆ. ಅದೇ ಪೆಟ್ಟಿಗೆ ಚೆಕ್-ಇನ್‌ನಲ್ಲಿ 7 ಕಿಲೋ ಮಾತ್ರ. ಅಲ್ಲಿ ಮೂರೂ ಅಳತೆ ಕೂಡಿಸಿದರೆ 158 ಸೆಂಟಿಮೀಟರ್ ಮೀರಬಾರದು ಎಂಬುದು ಹೆಚ್ಚಿನ ಕಂಪನಿಗಳ ಮಿತಿ. ಇದರದ್ದು 136, ನಡೆಯುತ್ತದೆ. ಯಾವುದೇ ಒಂದು ಪೆಟ್ಟಿಗೆ 32 ಕಿಲೋ ದಾಟುವಂತಿಲ್ಲ. ಹೆಚ್ಚುವರಿ ತೂಕ ಬೇಕಿದ್ದರೆ ಆನ್‌ಲೈನ್‌ನಲ್ಲಿ ಮೊದಲೇ ಕೊಳ್ಳಿ, ಕೌಂಟರಿನಲ್ಲಿ ಸಾಮಾನ್ಯವಾಗಿ ದುಬಾರಿ.

ಸಂಸಾರ ಸಮೇತ ಮನೆಸಾಮಾನು ಹಡಗಿನಲ್ಲಿ ಕಳಿಸುವವರು ಮಾತ್ರ ಕಂಪ್ಯೂಟರನ್ನೂ ಅದರಲ್ಲಿ ಹಾಕಬಹುದು. ಇದಕ್ಕೆಂದೇ ಹಡಗು ಹುಡುಕಬೇಡಿ. ಇಲ್ಲೊಂದು ಗುಂಡಿ ಉಂಟು. ಊರಿನ ಬಡಗಿಯಿಂದ ಚೆಂದದ ಮರದ ಪೆಟ್ಟಿಗೆ ಮಾಡಿಸಿದರೆ ಆಸ್ಟ್ರೇಲಿಯಾ, ಅಮೆರಿಕ, ಯುರೋಪ್‌ನಲ್ಲಿ ತಡೆಯುತ್ತಾರೆ. ಹಸಿ ಮರದಲ್ಲಿ ಹುಳ ಬರುತ್ತದೆಂದು ಶಾಖ ಕೊಟ್ಟು ಸಂಸ್ಕರಿಸಿದ ಮುದ್ರೆ ಕೇಳುತ್ತಾರೆ. ಪೂರ್ತಿ ಪ್ಲೈವುಡ್ ಪೆಟ್ಟಿಗೆಗೆ ಈ ಮುದ್ರೆ ಬೇಡ.

ಹಂತ 7: ಕಸ್ಟಮ್ಸ್, ಎರಡೂ ಕಡೆ

ಹೊರಡುವಾಗ ದುಬಾರಿ ವಸ್ತುಗಳಿಗೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಸಿಗುತ್ತದೆ. "ಈ ವಸ್ತು ಇಲ್ಲಿಂದಲೇ ಹೋದದ್ದು" ಎಂಬ ಚೀಟಿ. ಮುಂದೆ ಅದನ್ನು ವಾಪಸ್ ತಂದಾಗ ಸುಂಕ ಕೇಳುವುದಿಲ್ಲ. ವಸ್ತು, ಬಿಲ್, ಸೀರಿಯಲ್ ನಂಬರ್ ತೋರಿಸಬೇಕು, ಹಾಗಾಗಿ ಬ್ಯಾಗ್ ಕೌಂಟರಿಗೆ ಕೊಡುವ ಮೊದಲೇ ಹೋಗಿ. ದೇಶ ಬಿಡುವುದು ಬೆಂಗಳೂರಿನಿಂದಾದರೆ ಚೀಟಿ ಅಲ್ಲಿ ಮಾಡಿಸಬೇಕು, ಆಗ ಆ ವಸ್ತು ಕೈಚೀಲದಲ್ಲಿದ್ದರೇ ಅನುಕೂಲ. 18 ವರ್ಷ ದಾಟಿದವರು ಹಿಂತಿರುಗುವಾಗ ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ತರಬಹುದು. ಗ್ರಾಫಿಕ್ಸ್ ಕಾರ್ಡಿಗೆ ಆ ರಿಯಾಯಿತಿ ಇಲ್ಲ.

ಆ ಕಡೆಯ ನಿಯಮಗಳ ಒಳತಿರುಳು ಒಂದೇ: ಬಳಸಿದ ಸ್ವಂತ ವಸ್ತು ಬಿಡುತ್ತಾರೆ, ಹೊಸದಕ್ಕೆ ಸುಂಕ ಕೇಳುತ್ತಾರೆ. ನೆಲೆಸಲು ಹೋಗುವವರಿಗೆ ಬ್ರಿಟನ್ ಮತ್ತು ಯುರೋಪ್ ಒಕ್ಕೂಟ ಕೇಳುವುದು 6 ತಿಂಗಳು ಬಳಸಿರಬೇಕು, 12 ತಿಂಗಳು ಹೊರಗೆ ವಾಸವಿರಬೇಕು ಎಂದು. ಬ್ರಿಟನ್‌ಗೆ ಸಾಮಾನು ಬೇರೆಯಾಗಿ ಕಳಿಸುವವರು ಮೊದಲೇ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಬೇರೆಯಾಗಿ ಬರುವ ಮನೆಸಾಮಾನಿಗೆ ಆಸ್ಟ್ರೇಲಿಯಾ 12 ತಿಂಗಳ ಬಳಕೆ ಕೇಳುತ್ತದೆ, ಅಮೆರಿಕ ಒಂದು ವರ್ಷ. ಕೆನಡಾಕ್ಕೆ ನೆಲೆಸಲು ಹೋಗುವವರು ಮೊದಲ ಸಲ ಇಳಿದ ದಿನವೇ ಸಾಮಾನಿನ ಪಟ್ಟಿ ಕೊಡಬೇಕು. ಆಮೇಲೆ ಬರುವ ವಸ್ತುಗಳನ್ನೂ ಅದೇ ದಿನ "ಹಿಂದಿನಿಂದ ಬರುವವು" ಎಂದು ಬರೆಸಿಡಬೇಕು, ಬಿಟ್ಟುಹೋದರೆ ಮತ್ತೆ ಸೇರಿಸುವುದು ಕಷ್ಟ.

ಆದ್ದರಿಂದ ಹೊರಡುವ ಹಿಂದಿನ ವಾರ "ಇಲ್ಲಿ ಅಗ್ಗ" ಎಂದು ಹೊಸ ಕಂಪ್ಯೂಟರ್ ಕೊಳ್ಳಬೇಡಿ. ಬಿಲ್ಲಿನ ದಿನಾಂಕವೇ ಸಾಕ್ಷಿ ಹೇಳುತ್ತದೆ. ವಾರಂಟಿಯೂ ನೋಡಿಕೊಳ್ಳಿ, ಬಿಡಿಭಾಗಗಳ ವಾರಂಟಿ ಎಷ್ಟೋ ಸಲ ಭಾರತಕ್ಕೆ ಮಾತ್ರ. ಇನ್ನೊಂದು, "ನಮ್ಮ ಹುಡುಗನಿಗೆ ಈ ಹಾರ್ಡ್ ಡಿಸ್ಕ್ ಒಂದು ಕೊಟ್ಟುಬಿಡಿ" ಎಂದು ಪಕ್ಕದ ಮನೆಯವರು ಬಂದೇ ಬರುತ್ತಾರೆ. ಒಳಗೇನಿದೆ ಎಂದು ಗೊತ್ತಿಲ್ಲದ ಡಿಸ್ಕ್ ಒಯ್ಯಬೇಡಿ. ಬೇಸರವಾದರೆ ಆಗಲಿ.

ಹಂತ 8: ತಲುಪಿದ ಮೇಲೆ

ಪೆಟ್ಟಿಗೆ ಬಿಚ್ಚಿದ ಕೂಡಲೇ ಸ್ವಿಚ್ ಹಾಕಬೇಡಿ. ಚಳಿಯಿಂದ ಬೆಚ್ಚನೆಯ ಕೋಣೆಗೆ ಬಂದ ಲೋಹದ ಮೇಲೆ ನೀರಿನ ಹನಿ ಕೂರುತ್ತದೆ. ಒಂದು ರಾತ್ರಿ ಹಾಗೇ ಬಿಡಿ. ಗಲ್ಫ್‌ನ ಎಸಿ ಕೋಣೆಯ ಒಣ ಗಾಳಿಯಲ್ಲಿ ಸ್ಥಿರವಿದ್ಯುತ್ತು ನಮ್ಮೂರಿಗಿಂತ ಎಷ್ಟೋ ಜಾಸ್ತಿ, ಕಾರ್ಪೆಟ್ ಮೇಲೆ ಕೂತು ಜೋಡಿಸಬೇಡಿ. ಕೂಲರ್ ಕೂರಿಸುವ ಮೊದಲು ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಿ.

ಮೊದಲು ಬೋರ್ಡ್, ಪ್ರೊಸೆಸರ್, ಒಂದೇ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಇಷ್ಟರಲ್ಲೇ ಆನ್ ಮಾಡಿ ನೋಡಿ. ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಇದ್ದರೆ ಗಾಬರಿ ಬೇಡ. ರ‍್ಯಾಮ್ ತೆಗೆದು, ಎರಡೂ ಕಡೆ ಟಕ್ ಅನ್ನುವವರೆಗೆ ಒತ್ತಿ ಮತ್ತೆ ಕೂರಿಸಿ. ಆಗಲೂ ಬರದಿದ್ದರೆ ಮಾನಿಟರಿನ ಕೇಬಲ್ ಮದರ್‌ಬೋರ್ಡಿಗೆ ಚುಚ್ಚಿದ್ದೀರಾ, ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿದ್ದೀರಾ ನೋಡಿ. ಕಾರ್ಡಿಗೇ ಚುಚ್ಚಬೇಕು.